302ನೇ ಮನೆಯ ಬಾಯ್ಲರ್: ಆಂದೊಂಗ್‌ನ ಒಂದು ಚಳಿಗಾಲದ ಪ್ರಕರಣ

2023ರ ಜನವರಿ 27, ಶುಕ್ರವಾರ ಮಧ್ಯಾಹ್ನ. ದಕ್ಷಿಣ ಕೊರಿಯಾದ ಆಂದೊಂಗ್ ಎಂಬ ಊರಿನ ಮೂರಂತಸ್ತಿನ ಕಟ್ಟಡವೊಂದರಲ್ಲಿ, 202ನೇ ಮನೆಯ ಅಜ್ಜಿಯ ಕೋಣೆಯ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ಅದರ ನೆತ್ತಿಯ ಮೇಲಿನ 302 ನನ್ನ ಮನೆ. ನಾನು ಆ ಹೊತ್ತಿಗೆ ಮಲೆನಾಡಿನ ಸಾಗರ ಪೇಟೆಯ ಹತ್ತಿರದ ನಮ್ಮೂರಿನಲ್ಲಿ, ಅಡಿಕೆ ಸುಲಿಯುವವರ ಪಕ್ಕದಲ್ಲಿ ಕುಳಿತು ಹರಟೆ ಹೊಡೆಯುತ್ತಿದ್ದೆ. ಸುದ್ದಿ ನನಗೆ ಮುಟ್ಟಿದ್ದು ಸೋಮವಾರ. ಅಷ್ಟರವರೆಗೆ ಅಜ್ಜಿ ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿಯ ಡಬ್ಬಗಳನ್ನು ಒಂದರ ನಂತರ ಒಂದು ಇಟ್ಟು ನೀರು ಹಿಡಿದರಂತೆ.

ಪೈಪು ಯಾಕೆ ಒಡೆಯಿತು ಎಂದು ಹೇಳಲು ಒಂದು ಪ್ಯಾರಾ ಸಾಕು, ತಪ್ಪು ನನ್ನದೇ. ನಾನು ಬರೆಯಹೊರಟಿರುವುದು ಆ ಮೂರು ದಿನಗಳ ಬಗ್ಗೆ. ಒಂದೂವರೆ ಲಕ್ಷ ಜನರ ಊರಿನಲ್ಲಿ, ಮಾರುಕಟ್ಟೆಯಲ್ಲಿ ನಾನು ಎರಡು ಎಲೆಕೋಸು ಕೊಂಡರೆ ಮರುದಿನ ತರಗತಿಯ ಮಕ್ಕಳು ‘ಸರ್, ಅಷ್ಟೊಂದು ಕೋಸು ಏನು ಮಾಡುತ್ತೀರಿ’ ಎಂದು ಕೇಳುತ್ತಿದ್ದರು. ಅಂಥ ಊರಿನಲ್ಲಿ ‘ನಿನ್ನ ಮನೆ ಸೋರುತ್ತಿದೆ’ ಎಂಬ ಸುದ್ದಿ ನನಗೆ ಮುಟ್ಟಲು ಮೂರು ದಿನ ಬೇಕಾದದ್ದು ಹೇಗೆ?

ಮೊದಲು ನಾನು ಅಲ್ಲಿಗೆ ಹೋದ ದಾರಿ. ಇಂಗ್ಲಿಷ್ ಕಲಿಸುವ ವಿದೇಶಿಯರಿಗೆ ಕೊರಿಯಾ ಕೊಡುವುದು ಇ-2 ವೀಸಾ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ: ಈ ಏಳು ದೇಶದವರಿಗೆ ಅದು ರಾಜಮಾರ್ಗ. ನಮಗಿರುವುದು ಹಿತ್ತಿಲ ಬಾಗಿಲು. ಭಾರತ ಮತ್ತು ಕೊರಿಯಾ 2009ರಲ್ಲಿ ಸಹಿ ಹಾಕಿದ, 2010ರ ಜನವರಿ 1ರಂದು ಜಾರಿಗೆ ಬಂದ ಆರ್ಥಿಕ ಸಹಭಾಗಿತ್ವ ಒಪ್ಪಂದ, ಅಂದರೆ ‘ಸೆಪಾ’, ಪದವಿಯೂ ಶಿಕ್ಷಕ ಅರ್ಹತೆಯೂ ಇರುವ ಭಾರತೀಯರು ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಲು ಅವಕಾಶ ಕೊಡುತ್ತದೆ. ಹಾಗ್ವೊನ್ ಎಂಬ ಖಾಸಗಿ ಟ್ಯೂಷನ್ ಸಂಸ್ಥೆಗಳ ಬಾಗಿಲು ಈ ದಾರಿಯಿಂದ ತೆರೆಯುವುದಿಲ್ಲ. ಬಿ.ಎಡ್. ಪ್ರಮಾಣಪತ್ರ ಹಿಡಿದು, ಅದಕ್ಕೆ ಬೆಂಗಳೂರಿನಲ್ಲಿ ಒಂದು ಮುದ್ರೆ, ವಿದೇಶಾಂಗ ಸಚಿವಾಲಯದಿಂದ ಅಪೊಸ್ಟಿಲ್ ಎಂಬ ಇನ್ನೊಂದು ಮುದ್ರೆ ಒತ್ತಿಸಿಕೊಂಡು, 2022ರ ಆಗಸ್ಟ್ ಕೊನೆಯಲ್ಲಿ ನಾನು ಆಂದೊಂಗ್ ಸೇರಿದೆ. ಈ ದಾರಿಯಲ್ಲಿ ಬಂದ ಇನ್ನೊಬ್ಬರನ್ನು ಆ ಊರಿನಲ್ಲಿ ನಾನು ಕಾಣಲಿಲ್ಲ.

ಆಂದೊಂಗ್ ಉತ್ತರ ಗ್ಯೊಂಗ್‌ಸಾಂಗ್ ಪ್ರಾಂತ್ಯದ ಊರು. 2016ರಿಂದ ಪ್ರಾಂತ್ಯದ ಆಡಳಿತ ಕಚೇರಿಯೂ ಇದರ ಅಂಚಿಗೇ ಬಂದಿದೆ. ವಿಸ್ತೀರ್ಣದಲ್ಲಿ ಸಿಯೋಲ್‌ನ ಎರಡೂವರೆ ಪಟ್ಟು, ಜನಸಂಖ್ಯೆಯಲ್ಲಿ ನಮ್ಮ ಚಿಕ್ಕಮಗಳೂರಿಗಿಂತ ಸ್ವಲ್ಪ ಹೆಚ್ಚು. ಉಳಿದದ್ದೆಲ್ಲ ಗುಡ್ಡ, ಸೇಬಿನ ತೋಟ, ನಕ್ದೊಂಗ್ ನದಿ. ಸಾವಿರ ವೋನ್ ನೋಟಿನ ಮೇಲೆ ಚಿತ್ರವಿರುವ 16ನೇ ಶತಮಾನದ ಕನ್‌ಫ್ಯೂಷಿಯನ್ ಪಂಡಿತ ಯಿ ಹ್ವಾಂಗ್ ಈ ಊರಿನವರು. ಅವರ ನೆನಪಿನ ದೊಸಾನ್ ವಿದ್ಯಾಪೀಠಕ್ಕೆ 2019ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟ ಸಿಕ್ಕಿದೆ. ಊರು ತನ್ನನ್ನು ‘ಕೊರಿಯನ್ ಮನೋಸಂಸ್ಕೃತಿಯ ರಾಜಧಾನಿ’ ಎಂದು ಕರೆದುಕೊಳ್ಳುತ್ತದೆ. ಹಿರಿಯರ ಮುಂದೆ ತಲೆ ಎಷ್ಟು ಬಾಗಬೇಕು, ಲೋಟವನ್ನು ಎಷ್ಟು ಕೈಯಲ್ಲಿ ಹಿಡಿಯಬೇಕು ಎಂಬುದಕ್ಕೆಲ್ಲ ಇಲ್ಲಿ ಲೆಕ್ಕವಿದೆ. ಮಲೆನಾಡಿನ ಕೂಡುಕುಟುಂಬದಲ್ಲಿ ಬೆಳೆದ ನನಗೆ ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ‘ವೊನೊಮಿನ್’ ಎಂಬ ಪದ. ವಿದೇಶಿ ಇಂಗ್ಲಿಷ್ ಶಿಕ್ಷಕರನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಅದರ ಅರ್ಥ ‘ಆ ಭಾಷೆಯನ್ನು ತಾಯ್ನುಡಿಯಾಗಿ ಉಳ್ಳವನು’. ಕಟ್ಟಡದಲ್ಲಿ ನನಗೆ ಹೆಸರಿರಲಿಲ್ಲ, ನಾನು ‘302ರ ವೊನೊಮಿನ್’. ಹವ್ಯಕ ಕನ್ನಡದ ಮನೆಯಲ್ಲಿ ಹುಟ್ಟಿ ಕೊರಿಯಾದಲ್ಲಿ ಇಂಗ್ಲಿಷಿನ ತಾಯ್ನುಡಿಗನಾದೆ.

ನನ್ನ ವಾರವನ್ನು ಮೂರು ಶಾಲೆಗಳಿಗೆ ಹಂಚಿದ್ದರು. ಒಂದು ಊರೊಳಗಿನದು, ಎರಡು ಹಳ್ಳಿಯವು. ಹಳ್ಳಿ ಶಾಲೆಯ ಒಂದು ತರಗತಿಯಲ್ಲಿ ನಾಲ್ಕು ಮಕ್ಕಳಿದ್ದರು. 2022ರಲ್ಲಿ ಕೊರಿಯಾದ ಫಲವತ್ತತೆ ದರ ಮಹಿಳೆಗೆ 0.78ಕ್ಕೆ ಇಳಿದಿತ್ತು ಎಂಬ ಅಂಕಿಯನ್ನು ಆಮೇಲೆ ಓದಿದೆ, ನಾನು ಅದನ್ನು ಮೊದಲು ನೋಡಿದ್ದು ಖಾಲಿ ಬೆಂಚುಗಳಲ್ಲಿ. ಆ ನಾಲ್ವರು ಜಗಳವಾಡುವಾಗ ‘ನಾ’, ‘ನಿ’ ಎನ್ನುತ್ತಿದ್ದರು. ‘ನಾ’ ಎಂದರೆ ನಾನು. ಗ್ಯೊಂಗ್‌ಸಾಂಗ್ ಆಡುನುಡಿಯಲ್ಲಿ ‘ನಿ’ ಎಂದರೆ ನೀನು. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಮಿಷನರಿ 1905ರಷ್ಟು ಹಿಂದೆಯೇ ಕೊರಿಯನ್ನಿಗೂ ದ್ರಾವಿಡ ನುಡಿಗಳಿಗೂ ನಂಟು ಕಲ್ಪಿಸಿದ್ದರು. ಇಂದಿನ ಭಾಷಾವಿಜ್ಞಾನ ಅದನ್ನು ಒಪ್ಪುವುದಿಲ್ಲ, ಕಾಕತಾಳೀಯ ಎನ್ನುತ್ತದೆ. ಇರಲಿ.

ಮನೆಯನ್ನು ಕೊಟ್ಟದ್ದು ಶಾಲೆ. ಬರುವ ಮೊದಲು ಪತ್ರದಲ್ಲಿ ‘ವಿಲ್ಲಾ’ ಎಂದು ಬರೆದಿದ್ದರು, ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಕೊರಿಯಾದಲ್ಲಿ ವಿಲ್ಲಾ ಎಂದರೆ ಲಿಫ್ಟ್ ಇಲ್ಲದ ಮೂರ್ನಾಲ್ಕು ಅಂತಸ್ತಿನ ಹಳೆಯ ಕಟ್ಟಡ. ಒಂದು ಕೋಣೆ, ಅಡುಗೆಯ ಮೂಲೆ, ಹಿಂದೆ ಬಟ್ಟೆ ಒಗೆಯುವ ಯಂತ್ರವೂ ಬಾಯ್ಲರೂ ಇರುವ ಕಿರಿದಾದ ಬಾಲ್ಕನಿ. ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ನಿರ್ವಹಣಾ ಕಚೇರಿ ಇರುತ್ತದೆ, ಏನಾದರೂ ಆದರೆ ಪ್ರತಿ ಮನೆಯ ಗೋಡೆಯ ಸ್ಪೀಕರಿನಲ್ಲಿ ಕೂಗಿ ಹೇಳುತ್ತಾರೆ. ವಿಲ್ಲಾದಲ್ಲಿ ಅಂಥವರು ಯಾರೂ ಇಲ್ಲ. ಮಾಲೀಕರು ದೇಗು ಎಂಬ ಬೇರೆ ನಗರದಲ್ಲಿದ್ದರು.

ಈಗ ಬಾಯ್ಲರಿಗೆ ಬರೋಣ. ಕೊರಿಯಾದ ಮನೆಗಳನ್ನು ಬೆಚ್ಚಗಿಡುವುದು ನೆಲ. ಹಿಂದೆ ಒಲೆಯ ಹೊಗೆಯನ್ನು ಕಲ್ಲುಚಪ್ಪಡಿಗಳ ಅಡಿಯಲ್ಲಿ ಹರಿಸುತ್ತಿದ್ದರು, ಈಗ ಗ್ಯಾಸ್ ಬಾಯ್ಲರ್ ಕಾಯಿಸಿದ ನೀರು ನೆಲದಡಿಯ ಕೊಳವೆಗಳಲ್ಲಿ ಸುತ್ತುತ್ತದೆ. ಇದೇ ಒಂದೊಲ್. ಗೋಡೆಯ ಮೇಲೆ ಅದರ ನಿಯಂತ್ರಕ, ಅಂಗೈಯಷ್ಟು ಬಿಳಿಯ ಪೆಟ್ಟಿಗೆ. ಅದರಲ್ಲಿ ಕೋಣೆಯ ಉಷ್ಣತೆಗೊಂದು, ನೀರಿನ ಉಷ್ಣತೆಗೊಂದು, ಸಮಯ ಹೊಂದಿಸಲೊಂದು ಗುಂಡಿ. ನಾಲ್ಕನೆಯದರ ಮೇಲೆ ‘ವೇಚುಲ್’ ಎಂದು ಬರೆದಿರುತ್ತದೆ. ಹೊರಗೆ ಹೋಗುವುದು ಎಂದು ಅರ್ಥ. ಅದನ್ನು ಒತ್ತಿ ಹೋದರೆ ಬಾಯ್ಲರ್ ಸುಮ್ಮನಿರುತ್ತದೆ, ಚಳಿ ಮಿತಿ ಮೀರಿದಾಗ ಮಾತ್ರ ತಾನೇ ಎದ್ದು ನೀರನ್ನು ಒಂದಿಷ್ಟು ಕಾಯಿಸಿ, ಹೆಪ್ಪುಗಟ್ಟದಂತೆ ನೋಡಿಕೊಂಡು ಮತ್ತೆ ಮಲಗುತ್ತದೆ. ಅದಕ್ಕೆ ಬೇಕಾದದ್ದು ಎರಡೇ, ವಿದ್ಯುತ್ತು ಮತ್ತು ಗ್ಯಾಸು.

ನಾನು ಎರಡನ್ನೂ ತೆಗೆದು ಹೋಗಿದ್ದೆ. ನಮ್ಮಲ್ಲಿ ಊರಿಗೆ ಹೋಗುವಾಗ ಗ್ಯಾಸ್ ರೆಗ್ಯುಲೇಟರ್ ತಿರುಗಿಸಿ, ಮೇನ್ ಸ್ವಿಚ್ ಇಳಿಸಿ, ಬೀಗ ಜಗ್ಗಿ ನೋಡಿ ಹೊರಡುವುದು ಅಪ್ಪ ಕಲಿಸಿದ ಶಿಸ್ತು. ಜನವರಿ 13ರ ಬೆಳಗ್ಗೆ ನಾನು ಅದನ್ನು ಭಕ್ತಿಯಿಂದ ಪಾಲಿಸಿದೆ. ಬಾಯ್ಲರಿನ ಪ್ಲಗ್ ಕಿತ್ತೆ, ಗ್ಯಾಸಿನ ಹಳದಿ ಹಿಡಿಯನ್ನು ಅಡ್ಡ ತಿರುಗಿಸಿದೆ. ಜವಾಬ್ದಾರಿಯುತ ಮನುಷ್ಯ ಎಂಬ ನೆಮ್ಮದಿಯಲ್ಲಿ ಸಿಯೋಲ್‌ನ ಚೊಂಗ್ನ್ಯಾಂಗ್ನಿ ನಿಲ್ದಾಣಕ್ಕೆ ಹೋಗುವ ರೈಲು ಹತ್ತಿದೆ. ಡಿಸೆಂಬರ್ ಪೂರ್ತಿ ಮೊಬೈಲಿಗೆ ಕರ್ಕಶ ಸದ್ದಿನೊಂದಿಗೆ ಸರ್ಕಾರದ ತುರ್ತು ಸಂದೇಶಗಳು ಬರುತ್ತಿದ್ದವು. ಕೊರಿಯನ್ ಅಕ್ಷರ ಓದಲು ಬರುತ್ತಿತ್ತು, ಅರ್ಥ ಅಷ್ಟಾಗಿ ಆಗುತ್ತಿರಲಿಲ್ಲ, ಹಾಗಾಗಿ ಬೆರಳಿನಿಂದ ಸರಿಸಿಬಿಡುತ್ತಿದ್ದೆ. ನೀರಿನ ಮೀಟರು ಹೆಪ್ಪುಗಟ್ಟದಂತೆ ನೋಡಿಕೊಳ್ಳಿ, ನಲ್ಲಿಯನ್ನು ಸಣ್ಣಗೆ ಬಿಟ್ಟಿಡಿ ಎಂದು ಅವು ಹೇಳುತ್ತಿದ್ದವು ಎಂಬುದು ಫೆಬ್ರವರಿಯಲ್ಲಿ ಗೊತ್ತಾಯಿತು.

ಆ ವರ್ಷ ಸೊಲ್ಲಾಲ್, ಅಂದರೆ ಚಾಂದ್ರಮಾನ ಹೊಸ ವರ್ಷ, ಜನವರಿ 22ಕ್ಕೆ ಬಿತ್ತು. ರಜೆ 24ರವರೆಗೆ. ಅದೇ 24 ಮತ್ತು 25ರಂದು ದೇಶದ ಮೇಲೆ ಕಡುಶೀತ ಎರಗಿತು. ಸಿಯೋಲ್‌ನಲ್ಲಿ ಉಷ್ಣತೆ ಮೈನಸ್ 17ರ ಹತ್ತಿರ ಹೋಯಿತು, ಗುಡ್ಡಗಳ ನಡುವಿನ ಆಂದೊಂಗ್ ಕೂಡ ಗಡಗಡ ನಡುಗಿತು. ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ ಎಂದು ನಾನೇ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಬಾಲ್ಕನಿಯಲ್ಲಿ ಬಾಯ್ಲರಿಗೆ ಹೋಗುವ ತಣ್ಣೀರಿನ ಪೈಪು ಮೊಣಕೈ ಮಡಿಸಿದಲ್ಲಿ ಸೀಳಿತು. ಮಂಜುಗಡ್ಡೆಯೇ ಬಿರಡೆಯಾಗಿದ್ದರಿಂದ ಎರಡು ದಿನ ಏನೂ ಆಗಲಿಲ್ಲ. ಶುಕ್ರವಾರ ಬಾಲ್ಕನಿಗೆ ಬಿಸಿಲು ಬಿತ್ತು.

ಇಲ್ಲಿಂದ ಮುಂದಿನದನ್ನು ನಾನು ಆಮೇಲೆ ಒಬ್ಬೊಬ್ಬರನ್ನೇ ಕೇಳಿ ಜೋಡಿಸಿದ್ದು.

ಅಜ್ಜಿ ಮೊದಲು ಮಾಡಿದ ಕೆಲಸ ಮೆಟ್ಟಿಲು ಹತ್ತಿ ನನ್ನ ಬಾಗಿಲು ಬಡಿದದ್ದು. ಉತ್ತರವಿಲ್ಲ. ನನ್ನ ಬಾಗಿಲಿಗೆ ಬೀಗದ ಕೈ ಇಲ್ಲ, ಆರು ಅಂಕಿ ಒತ್ತಿ ತೆರೆಯುವ ಡಿಜಿಟಲ್ ಬೀಗ. ಆ ಅಂಕಿಗಳು ಗೊತ್ತಿದ್ದದ್ದು ನನಗೊಬ್ಬನಿಗೆ. ಸಂಜೆ ಅಜ್ಜಿ ಮಾಲೀಕರಿಗೆ ಫೋನ್ ಮಾಡಿದರು. ಎಲ್ಲೋ ಮಂಜು ಕರಗಿ ಇಳಿದಿರಬೇಕು, ನೋಡೋಣ ಎಂದರು ಮಾಲೀಕರು. ಅವರ ಬಳಿ ನನ್ನ ನಂಬರು ಇರಲಿಲ್ಲ, ಕರಾರು ಇದ್ದದ್ದು ಶಾಲೆಯ ಹೆಸರಿನಲ್ಲಿ. ಶಾಲೆಯ ಆಡಳಿತ ಕೊಠಡಿಗೆ ಕರೆ ಮಾಡಿದರು. ರಜಾಕಾಲದಲ್ಲೂ ಅಲ್ಲಿ ಜನರಿರುತ್ತಾರೆ, ಆದರೆ ನಾಲ್ಕೂವರೆಗೆ ಮನೆಗೆ ಹೋಗುತ್ತಾರೆ. ಶನಿವಾರ, ಭಾನುವಾರ. ಸೋಮವಾರ ಬೆಳಗ್ಗೆ ಆಡಳಿತ ಕೊಠಡಿಯವರು ಕರೆ ತೆಗೆದುಕೊಂಡರು, ಉಪಪ್ರಾಂಶುಪಾಲರಿಗೆ ತಿಳಿಸಿದರು. ಅವರು ತರಬೇತಿಯಲ್ಲಿದ್ದರು. ಬಿಡುವಾದಾಗ ನನ್ನ ಸಹಶಿಕ್ಷಕಿಗೆ ಕರೆ ಮಾಡಿದರು. ಸಹಶಿಕ್ಷಕಿ ನನಗೆ ಕಾಕಾವ್‌ಟಾಕ್ ಎಂಬ ಮೆಸೇಜ್ ಆ್ಯಪ್‌ನಲ್ಲಿ ಬರೆದಾಗ ಅಲ್ಲಿ ಸಂಜೆ 5 ಗಂಟೆ 40 ನಿಮಿಷ, ನಮ್ಮಲ್ಲಿ ಮಧ್ಯಾಹ್ನ 2 ಗಂಟೆ 10 ನಿಮಿಷ.

ಆ ಸಂದೇಶ ಈಗಲೂ ನನ್ನಲ್ಲಿದೆ. ‘ರಜೆ ಚೆನ್ನಾಗಿ ಕಳೆಯುತ್ತಿದೆಯೇ? ಅಮ್ಮ ಆರೋಗ್ಯವೇ? ಒಂದು ಸಣ್ಣ ತೊಂದರೆ ಆದಂತಿದೆ.’ ಅದರ ಕೆಳಗೆ ಒಂದು ಫೋಟೊ. ಸೂರಿನ ಬಿಳಿ ಕಾಗದ ಹೊಟ್ಟೆ ಬಂದಂತೆ ಜೋತುಬಿದ್ದಿತ್ತು, ಸುತ್ತ ಚಹಾದ ಬಣ್ಣದ ಕಲೆ. ಕೆಳಗೆ ಕೆಂಪು ಮುಚ್ಚಳದ ಡಬ್ಬ. ಡಬ್ಬದ ಪಕ್ಕದಲ್ಲಿ ನಾಲ್ಕಾಗಿ ಮಡಿಸಿ ಸರಿಸಿಟ್ಟ ಹಾಸಿಗೆ.

ನಾನು ಆರು ಅಂಕಿಗಳನ್ನು ಕಳಿಸಿದೆ. ಸಹಶಿಕ್ಷಕಿ ಇದ್ದದ್ದು ಯೊಂಗ್ಜುವಿನಲ್ಲಿ, ಪಕ್ಕದ ಊರು. ಮೂರು ವರ್ಷದ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಗಂಡನೊಂದಿಗೆ ಕಾರಿನಲ್ಲಿ ಬಂದು ರಾತ್ರಿ ಎಂಟಕ್ಕೆ ನೀರಿನ ವಾಲ್ವ್ ಮುಚ್ಚಿದರು. ಮುಚ್ಚಲು ಬೇಕಾದದ್ದು ಹತ್ತು ಸೆಕೆಂಡು.

ಸಹಶಿಕ್ಷಕಿಯ ಬಗ್ಗೆ ಸ್ವಲ್ಪ ಹೇಳಬೇಕು. ಕೊರಿಯಾದ ಶಾಲೆಗೆ ಬರುವ ವಿದೇಶಿ ಶಿಕ್ಷಕನಿಗೆ ಒಬ್ಬ ಸಹಶಿಕ್ಷಕರನ್ನು ಜೊತೆ ಮಾಡುತ್ತಾರೆ. ಕಾಗದದ ಮೇಲೆ ಅವರ ಕೆಲಸ ತರಗತಿಯಲ್ಲಿ ಒಟ್ಟಿಗೆ ಪಾಠ ಮಾಡುವುದು. ನಿಜದಲ್ಲಿ ಬ್ಯಾಂಕ್ ಖಾತೆ, ವಿದೇಶಿಯರ ಗುರುತಿನ ಚೀಟಿ, ಮೊಬೈಲು, ಗ್ಯಾಸಿನ ಸಂಪರ್ಕ, ಹಲ್ಲುನೋವು ಎಲ್ಲವೂ ಅವರ ತಲೆಯ ಮೇಲೆ. ಯಾರೂ ಆಸೆಪಟ್ಟು ಹೊತ್ತುಕೊಳ್ಳುವ ಕೆಲಸವಲ್ಲ. ನಾನು ಕಂಡ ಮೂರೂ ಶಾಲೆಗಳಲ್ಲಿ ಅದು ಬಿದ್ದದ್ದು ಇದ್ದವರಲ್ಲಿ ಕಿರಿಯರ ಮೇಲೆ. ನಾನು ಬಂದ ಮೊದಲ ವಾರ ಈಕೆ ನನ್ನನ್ನು ಐದು ಕಡೆ ಕರೆದುಕೊಂಡು ಹೋದರು. ಎಲ್ಲ ಕಡೆಯೂ ‘ಸಂಪರ್ಕ ಸಂಖ್ಯೆ’ ಎಂಬಲ್ಲಿ ತಮ್ಮದೇ ನಂಬರು ಬರೆದರು. ನನಗೆ ಆಗ ಕೊರಿಯನ್ ನಂಬರು ಇರಲಿಲ್ಲ, ಆದ್ದರಿಂದ ಅದು ಸಹಜ. ಎರಡು ವಾರದ ನಂತರ ನಂಬರು ಬಂತು. ಆಗ ಹೋಗಿ ಬದಲಿಸಬೇಕಾದವನು ನಾನು. ಬದಲಿಸಲಿಲ್ಲ. ಯಾಕೆಂದರೆ ಗ್ಯಾಸಿನವರು ಕರೆ ಮಾಡಿ ಕೊರಿಯನ್ನಿನಲ್ಲಿ ಏನಾದರೂ ಕೇಳಿದರೆ ಉತ್ತರಿಸುವ ಧೈರ್ಯ ನನಗಿರಲಿಲ್ಲ, ಆಕೆಯೇ ಉತ್ತರಿಸಲಿ ಎಂಬ ಸುಖ ಅಭ್ಯಾಸವಾಗಿತ್ತು. ಹೀಗೆ ಐದು ತಿಂಗಳಲ್ಲಿ ಊರಿನೊಂದಿಗೆ ನನ್ನ ಸಂಬಂಧವೆಲ್ಲ ಒಬ್ಬ ಮಹಿಳೆಯ ಮೊಬೈಲಿನ ಮೂಲಕ ಹಾದುಹೋಗುವಂತಾಯಿತು. ಆ ಮಹಿಳೆ ಹಬ್ಬಕ್ಕೆಂದು ಅತ್ತೆಯ ಮನೆಗೆ ಹೋದರೆ ನಾನು ಊರಿನ ಪಾಲಿಗೆ ಇಲ್ಲ.

ಫೆಬ್ರವರಿ 1ರಂದು ಬಂದಿಳಿದಾಗ ಮನೆಯೊಳಗೆ ಶೂನ್ಯಕ್ಕಿಂತ ಕೆಳಗೆ. ನೆಲದಡಿಯ ಕೊಳವೆಗಳಿಗೆ ಏನೂ ಆಗಿರಲಿಲ್ಲ ಎಂಬುದು ಪುಣ್ಯ. ಆಗಿದ್ದರೆ ಸಿಮೆಂಟು ಒಡೆಯಬೇಕಿತ್ತು. ಆ ವಾರ ಊರಿನ ಪ್ಲಂಬರುಗಳೆಲ್ಲ ಇಂಥವೇ ಪೈಪುಗಳ ಹಿಂದೆ ಓಡುತ್ತಿದ್ದರು, ನಮ್ಮ ಸರದಿ ಬಂದದ್ದು ಮೂರನೆಯ ದಿನ. ನಾನು ಎರಡು ರಾತ್ರಿ ಊರೊಳಗಿನ ಜಿಮ್‌ಜಿಲ್‌ಬಾಂಗ್ ಎಂಬ ಬಿಸಿನೀರಿನ ಸ್ನಾನಗೃಹದ ಬೆಚ್ಚಗಿನ ನೆಲದ ಮೇಲೆ, ಗೊರಕೆ ಹೊಡೆಯುವ ಅಪರಿಚಿತರ ನಡುವೆ ಮಲಗಿದೆ.

ಇನ್ನು ದುಡ್ಡಿನ ಪ್ರಶ್ನೆ. ಪೈಪು ಬದಲಿಸಲು 2 ಲಕ್ಷ 20 ಸಾವಿರ ವೋನ್. ಅಜ್ಜಿಯ ಕೋಣೆಯ ಸೂರಿನ ಕಾಗದಕ್ಕೂ ಉಬ್ಬಿದ ನೆಲಹಾಸಿಗೂ 6 ಲಕ್ಷ. ಹಾಳಾದ ವಿದ್ಯುತ್ ಕಂಬಳಿಗೆ 80 ಸಾವಿರ. ಒಟ್ಟು 9 ಲಕ್ಷ ವೋನ್, ಆಗಿನ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿಯ ಆಸುಪಾಸು. ಕೊರಿಯನ್ನರು ಹತ್ತು ಸಾವಿರವನ್ನು ‘ಮಾನ್’ ಎಂಬ ಒಂದು ಗಂಟಾಗಿ ಎಣಿಸುತ್ತಾರೆ. ಅವರ ಹತ್ತು ಮಾನ್ ನಮ್ಮ ಒಂದು ಲಕ್ಷ. ಅಲ್ಲಿನ ಅಮೆರಿಕನ್ ಗೆಳೆಯರು ಸೊನ್ನೆಗಳಲ್ಲಿ ಮುಳುಗುತ್ತಿದ್ದಾಗ ನನಗೆ ಮಾತ್ರ ಲೆಕ್ಕ ಸಲೀಸಾಗಿತ್ತು. ದುಡ್ಡು ಹೋಗುವಾಗ ಅದೇನೂ ಸಮಾಧಾನವಲ್ಲ.

ಕಾನೂನು ಎರಡೂ ಕಡೆ ಮುಖ ಮಾಡಿದೆ. ಕೊರಿಯಾದ ನಾಗರಿಕ ಸಂಹಿತೆಯ 623ನೇ ವಿಧಿ ಮನೆಯನ್ನು ವಾಸಯೋಗ್ಯವಾಗಿ ಇಟ್ಟುಕೊಡುವ ಹೊಣೆಯನ್ನು ಮಾಲೀಕನಿಗೆ ಹೊರಿಸುತ್ತದೆ. 374ನೇ ವಿಧಿ ಇನ್ನೊಬ್ಬರಿಗೆ ಮರಳಿಸಬೇಕಾದ ವಸ್ತುವನ್ನು ಒಳ್ಳೆಯ ಯಜಮಾನನಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಪೈಪು ಹಳೆಯದಾಗಿ, ಹೊದಿಕೆ ಹರಿದು ಒಡೆದರೆ ಮಾಲೀಕರ ತಲೆಗೆ. ಬಾಡಿಗೆಯವನು ಬಾಯ್ಲರಿನ ಪ್ಲಗ್ ಕಿತ್ತು ಹೋಗಿದ್ದರಿಂದ ಒಡೆದರೆ ಬಾಡಿಗೆಯವನ ತಲೆಗೆ. ನಮ್ಮಲ್ಲಿ ಎರಡೂ ಇದ್ದವು, ಪೈಪಿನ ಸುತ್ತ ಇದ್ದ ಸ್ಪಂಜು ಪುಡಿಪುಡಿಯಾಗಿತ್ತು. ವಲಸೆ ಇಲಾಖೆಯ 1345 ಸಹಾಯವಾಣಿಗೂ ಕರೆ ಮಾಡಿದೆ. 20 ಭಾಷೆಗಳಲ್ಲಿ ಮಾತನಾಡುತ್ತಾರೆ, ಸೌಜನ್ಯಕ್ಕೆ ಕೊರತೆಯಿಲ್ಲ. ವೀಸಾದ ಪ್ರಶ್ನೆಯಾಗಿದ್ದರೆ ಕ್ಷಣದಲ್ಲಿ ಹೇಳುತ್ತಿದ್ದರು, ಪೈಪಿನ ಪ್ರಶ್ನೆಗೆ ಶಾಲೆಯನ್ನು ಕೇಳಿ ಎಂದರು. ಸಹಶಿಕ್ಷಕಿಯ ಗಂಡ ವಿಮೆಯ ವಿಷಯ ಎತ್ತಿದರು. ಕೊರಿಯನ್ನರ ವಿಮಾ ಪಾಲಿಸಿಗಳಲ್ಲಿ ತಿಂಗಳಿಗೆ ಸಾವಿರ ವೋನ್ ಆಸುಪಾಸಿನ ಒಂದು ಬಾಲಂಗೋಚಿ ಇರುತ್ತದೆ, ದಿನನಿತ್ಯದ ಬದುಕಿನಲ್ಲಿ ನಾವು ಬೇರೆಯವರಿಗೆ ಮಾಡಿದ ನಷ್ಟವನ್ನು ಅದು ಭರಿಸುತ್ತದೆ. ಕೆಳಮನೆಗೆ ನೀರು ಸೋರುವುದು ಅದರ ಅತಿ ಸಾಮಾನ್ಯ ಉದಾಹರಣೆ. ಅದು ನನ್ನಲ್ಲಿ ಇರಲಿಲ್ಲ, ಇದೆ ಎಂಬುದೂ ಗೊತ್ತಿರಲಿಲ್ಲ. ಹೊಸ ಪಾಲಿಸಿಗಳಲ್ಲಿ ಸೋರಿಕೆಯ ಮೊದಲ 5 ಲಕ್ಷ ವೋನ್ ನಮ್ಮ ಕೈಯಿಂದಲೇ ಹೋಗುವುದರಿಂದ, ಇದ್ದಿದ್ದರೂ ನನಗೆ ದೊಡ್ಡ ಉಪಕಾರವೇನೂ ಆಗುತ್ತಿರಲಿಲ್ಲ.

ಶಾಲೆ ದುಡ್ಡಿನ ಮಾತಿಗೆ ಮೊದಲು ಒಂದು ಕಾಗದ ಕೇಳಿತು: ನಡೆದದ್ದೇನು, ಕಾರಣವೇನು ಎಂದು ಬರೆದುಕೊಡಬೇಕು. ನಮ್ಮ ಕಚೇರಿಗಳ ಕಾರಣ ಕೇಳಿ ನೋಟಿಸಿನ ಸೋದರ. ನಾನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ, ಸಹಶಿಕ್ಷಕಿ ಅನುವಾದಿಸಿದರು, ನಾನು ಸಹಿ ಹಾಕಿದೆ. ಮುಂದಿನ ಬೇಸಿಗೆಯಲ್ಲಿ, ಕೊರಿಯನ್ ಸ್ವಲ್ಪ ಕೈಗೆ ಹತ್ತಿದ ಮೇಲೆ ಆ ಪ್ರತಿಯನ್ನು ತೆಗೆದು ಓದಿದೆ. ಪೈಪಿನ ಸ್ಪಂಜು ಹಾಳಾಗಿತ್ತು, ಸೂಚನೆಯನ್ನು ನನಗೆ ಯಾರೂ ಇಂಗ್ಲಿಷಿನಲ್ಲಿ ಕೊಟ್ಟಿರಲಿಲ್ಲ ಎಂಬ ನನ್ನ ಎರಡು ಅಮೂಲ್ಯ ವಾಕ್ಯಗಳು ಅದರಲ್ಲಿರಲಿಲ್ಲ. ಬದಲಿಗೆ ‘ಆಳವಾಗಿ ಪಶ್ಚಾತ್ತಾಪ ಪಡುತ್ತೇನೆ’ ಎಂಬ ನಾನು ಬರೆಯದ ವಾಕ್ಯವಿತ್ತು. ಒಂದು ಗಳಿಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ವಾದ ಹೂಡಿದ ಕಾಗದ ಹೋಗಿದ್ದರೆ ಮಾಲೀಕರೂ ವಾದ ಹೂಡುತ್ತಿದ್ದರು. ಕ್ಷಮೆ ಕೇಳಿದ ಕಾಗದ ಹೋದದ್ದಕ್ಕೆ ಅವರು ತಾವಾಗಿಯೇ ‘ಸ್ಪಂಜು ನಾನು ನೋಡಬೇಕಿತ್ತು’ ಎಂದು ಪೈಪಿನ ಖರ್ಚನ್ನು ಪೂರ್ತಿಯಾಗಿ, ಸೂರು ಮತ್ತು ನೆಲಹಾಸಿನ ಖರ್ಚನ್ನು ಅರ್ಧಕ್ಕೆ ಹೊತ್ತುಕೊಂಡರು. ನನ್ನ ಪಾಲಿಗೆ ಬಂದದ್ದು 3 ಲಕ್ಷ, ಜೊತೆಗೆ ಕಂಬಳಿಯ 80 ಸಾವಿರ. ಆಕೆ ನನ್ನ ಮಾತನ್ನು ಅನುವಾದಿಸಲಿಲ್ಲ, ನನ್ನನ್ನು ಅನುವಾದಿಸಿದರು. ಆದರೂ ನನಗೆ ಹೇಳಬಹುದಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಅಜ್ಜಿಯನ್ನು ನೋಡಲು ಹೋಗುವುದಕ್ಕೆ ನಾನು ತಡಮಾಡಿದೆ. ಸಹಶಿಕ್ಷಕಿ ಬಿಡುವಾದಾಗ ಜೊತೆಗೆ ಹೋಗೋಣ ಎಂದುಕೊಂಡಿದ್ದೆ. ಅದೇ ಹಳೆಯ ಚಟ. ಮೂರನೆಯ ದಿನ ಪ್ಲಂಬರು ಹೋದ ಮೇಲೆ ನಾಚಿಕೆಯಾಗಿ ಒಬ್ಬನೇ ಇಳಿದೆ. ಕೊರಿಯಾದಲ್ಲಿ ಕ್ಷಮೆ ಕೇಳಲು ಹಣ್ಣಿನ ಪೆಟ್ಟಿಗೆ ಒಯ್ಯುತ್ತಾರೆ, ಆದರೆ ಹಬ್ಬದ ಮರುವಾರ ಆ ಮನೆಯ ಹೊಸ್ತಿಲ ಬಳಿಯೇ ಸೇಬಿನ ಎರಡು ಪೆಟ್ಟಿಗೆ ಇದ್ದದ್ದನ್ನು ಕಂಡಿದ್ದೆ. ಸೇಬಿನ ಊರಿಗೆ ಸೇಬು ಒಯ್ಯಲು ಮನಸ್ಸಾಗಲಿಲ್ಲ. ನನ್ನ ಚೀಲದಲ್ಲಿ ಸಂಕ್ರಾಂತಿಗೆ ಅಮ್ಮ ಮಾಡಿ ಕಟ್ಟಿದ್ದ ಎಳ್ಳು-ಬೆಲ್ಲದ ಡಬ್ಬಿ ಇತ್ತು. ಎಳ್ಳು, ಹೆಚ್ಚಿದ ಕೊಬ್ಬರಿ, ಬೆಲ್ಲದ ಚೂರು, ಹುರಿಗಡಲೆ, ಶೇಂಗಾ. ಅದನ್ನೇ ತೆಗೆದುಕೊಂಡೆ.

ಬಾಗಿಲು ತೆರೆದ ಅಜ್ಜಿ ನನ್ನ ಎದೆಯ ಎತ್ತರಕ್ಕಿದ್ದರು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಕ್ಷಮಾಪಣೆಯನ್ನು ಒಪ್ಪಿಸಿದೆ. ಅವರು ಏನೋ ಕೇಳಿದರು, ಕೊನೆಯಲ್ಲಿ ‘ನಿಕ್ಕ್ಯೊ’ ಎಂದಿತು. ಆಂದೊಂಗಿನ ಹಿರಿಯರ ಗೌರವದ ಪ್ರಶ್ನೆ ಹಾಗೆ ಮುಗಿಯುತ್ತದೆ, ಪುಸ್ತಕದ ಕೊರಿಯನ್ನಿನಲ್ಲಿ ಅದು ಇಲ್ಲ. ಧಾರವಾಡದ ಸಂತೆಯಲ್ಲಿ ಪಠ್ಯಪುಸ್ತಕದ ಕನ್ನಡ ಕಲಿತವನ ಪಾಡು ನನ್ನದು. ಒಳಗೆ ಕರೆದು ಕೂರಿಸಿದರು. ಸೂರಿನ ಕಲೆ ಹಾಗೆಯೇ ಇತ್ತು. ನಾನು ಅದನ್ನು ನೋಡುವುದನ್ನು ನೋಡಿ ಕೈ ಬೀಸಿ ‘ಗ್ವೆನ್‌ಚಾನ್ನಿದೊ’ ಎಂದರು, ಪರವಾಗಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಎರಡು ಬೆರಳಲ್ಲಿ ಎಳ್ಳನ್ನು ತೆಗೆದು ಮೂಗಿನ ಹತ್ತಿರ ಹಿಡಿದು ‘ಕ್ಕೆ!’ ಎಂದರು. ಎಳ್ಳು. ಎದ್ದು ಹೋಗಿ ಒಂದು ತಟ್ಟೆ ತಂದರು. ಅದರಲ್ಲಿ ಸೊಲ್ಲಾಲ್‌ಗೆ ಮಾಡಿ ಉಳಿದಿದ್ದ ಕ್ಕೆಗಾಂಗ್‌ಜೊಂಗ್, ಎಳ್ಳನ್ನು ಪಾಕದಲ್ಲಿ ಕಲಸಿ ಹಲಗೆಯ ಮೇಲೆ ಚಪ್ಪಟೆಯಾಗಿ ಒತ್ತಿ ಕೊಯ್ದ ಮಿಠಾಯಿ. ನಮ್ಮ ಎಳ್ಳಿನ ಚಿಕ್ಕಿಯ ಪಡಿಯಚ್ಚು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುತ್ತೇವೆ ನಾವು, ಅದನ್ನು ಕೊರಿಯನ್ನಿನಲ್ಲಿ ಹೇಳುವಷ್ಟು ವ್ಯಾಕರಣ ನನಗಿರಲಿಲ್ಲ. ಇಬ್ಬರೂ ಮಾತಿಲ್ಲದೆ ಪರಸ್ಪರರ ಎಳ್ಳು ಅಗಿದೆವು. ಹೊರಡುವಾಗ ಕಿಮ್ಚಿ ಕೊಟ್ಟರು, ಅದೇ ಕೆಂಪು ಮುಚ್ಚಳದ ಡಬ್ಬದಲ್ಲಿ. ಮೀನಿನ ಸಾರ ಹಾಕಿದ್ದು ಎಂದು ವಾಸನೆಗೇ ಗೊತ್ತಾಯಿತು. ಸಸ್ಯಾಹಾರಿ ಎಂದು ಹೇಳುವ ಹೊತ್ತು ಅದಲ್ಲ, ಎರಡೂ ಕೈ ಚಾಚಿ ತೆಗೆದುಕೊಂಡು ಮರುದಿನ ಊರೊಳಗಿನ ಶಾಲೆಯ ದಕ್ಷಿಣ ಆಫ್ರಿಕಾದ ಗೆಳೆಯನಿಗೆ ದಾಟಿಸಿದೆ.

ಅಂದು ಅಜ್ಜಿ ಒಂದು ಮಾತು ಹೇಳಿದರು, ಅರ್ಥವಾಗದೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಸಹಶಿಕ್ಷಕಿಗೆ ಕೇಳಿಸಿದೆ. ‘ಮೇಲಿನವನ ನಂಬರು ನನಗೆ ಗೊತ್ತಿದ್ದರೆ ಶುಕ್ರವಾರವೇ ಮುಗಿಯುತ್ತಿತ್ತು.’

ಕೊರಿಯಾದಲ್ಲಿ ನಿಲ್ಲಿಸಿದ ಹೆಚ್ಚಿನ ಕಾರುಗಳ ಗಾಜಿನ ಒಳಗೆ ಮಾಲೀಕನ ಮೊಬೈಲ್ ನಂಬರು ಇಟ್ಟಿರುತ್ತಾರೆ. ದಾರಿಗೆ ಅಡ್ಡವಾದರೆ ಕರೆ ಮಾಡಿ ತೆಗೆಸಲಿ ಎಂದು. ಐದು ತಿಂಗಳಿಂದ ದಿನವೂ ಅವುಗಳ ಪಕ್ಕದಲ್ಲೇ ನಡೆದು ಶಾಲೆಗೆ ಹೋಗುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ಭಾನುವಾರ ಕೂತು ನನ್ನ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅಜ್ಜಿಗೆ ಕೊಟ್ಟೆ, ಅವರು ಅದನ್ನು ಫ್ರಿಜ್ಜಿನ ಬಾಗಿಲಿಗೆ, ಮೊಮ್ಮಕ್ಕಳ ಫೋಟೊದ ಕೆಳಗೆ ಅಂಟಿಸಿದರು. ಮಾಲೀಕರಿಗೆ ಕೊಟ್ಟೆ. ಗ್ಯಾಸಿನ ಕಚೇರಿ, ಬ್ಯಾಂಕು, ಇಂಟರ್ನೆಟ್‌ನವರ ಬಳಿ ಹೋಗಿ ಸಹಶಿಕ್ಷಕಿಯ ನಂಬರು ತೆಗೆಸಿ ನನ್ನದು ಹಾಕಿಸಿದೆ. ಮೊದಲ ತಿಂಗಳು ಕರೆ ಬಂದಾಗಲೆಲ್ಲ ಎದೆ ಡವಗುಟ್ಟುತ್ತಿತ್ತು. ಅರ್ಧ ಕರೆಗಳು ಸಾಲ ಬೇಕೇ ಎಂದು ಕೇಳುವವರವು. ಗ್ಯಾಸಿನ ಮೀಟರು ನೋಡಲು ಬರುವವರೊಂದಿಗೆ ನನ್ನ ಸಂಭಾಷಣೆ ಒಂದೇ ಪದದ್ದು, ಅವರಿಗೂ ಅಷ್ಟೇ ಸಾಕಾಗಿತ್ತು. ಸಹಶಿಕ್ಷಕಿ ಇದಕ್ಕೆಲ್ಲ ಏನೂ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಒಮ್ಮೆ, ಚೆರಿ ಹೂಗಳ ಹೊತ್ತಿಗೆ, ನದಿಯ ದಂಡೆಯಲ್ಲಿ ಮಗುವಿನೊಂದಿಗೆ ಎದುರಾದರು. ನಾನು ಬಂದ ಮೇಲೆ ಮೊದಲ ಸಲ ನನ್ನ ಯಾವ ಕಾಗದದ ಬಗ್ಗೆಯೂ ಮಾತಾಡಲಿಲ್ಲ.

ಕರಾರು ಇನ್ನೊಂದು ವರ್ಷಕ್ಕೆ ನವೀಕರಣವಾಯಿತು. 2023ರ ಡಿಸೆಂಬರ್ 21, ಮತ್ತೆ ಕಡುಶೀತ. ಬೆಳಗ್ಗೆ ಆರಕ್ಕೆ, ಇನ್ನೂ ಕತ್ತಲಿರುವಾಗ ಫೋನ್ ಬಡಿದುಕೊಂಡಿತು. ಅಜ್ಜಿ. ಈ ಸಲ ‘ನಿಕ್ಕ್ಯೊ’ ಇರಲಿಲ್ಲ, ಗೌರವದ ಯಾವ ಬಾಲವೂ ಇರಲಿಲ್ಲ. ಮನೆಯ ಹುಡುಗನನ್ನು ಗದರುವ ದನಿ.

‘ನಿ ಮುಲ್ ತುರೊನ್ವನ್ನಾ?’

ನೀ ನೀರು ಬಿಟ್ಟಿದ್ದೀಯಾ? ಬಿಟ್ಟಿದ್ದೇನೆ ಎಂದು ಹೇಳಿ ಎದ್ದು ಹೋಗಿ ನೋಡಿದೆ. ಬಿಟ್ಟಿರಲಿಲ್ಲ.